ಮ್ಯಾಕ್‌ಬೆತ್ ನಾಟಕದ ಮುಖ್ಯ ಸಾಲುಗಳು: ಬಾಯಿಪಾಠ ಆಗಿದೆ, ಅವುಗಳ ಬಗ್ಗೆ ಬರೆಯುವುದು ಹೇಗೆ?

ಕಾವೇರಿತೀರ (ಪ್ರಶ್ನೆ)

ಬಿಎ ಇಂಗ್ಲಿಷ್ ಐಚ್ಛಿಕಕ್ಕೆ ಶೇಕ್ಸ್‌ಪಿಯರ್‌ನ ಮ್ಯಾಕ್‌ಬೆತ್ ಪಠ್ಯವಾಗಿದೆ. ಪ್ರಶ್ನೆಗಳು ಎರಡು ಬಗೆ. ನಾಲ್ಕೈದು ಸಾಲು ಕೊಟ್ಟು ಸಂದರ್ಭ ಸಹಿತ ವಿವರಿಸಿ ಅನ್ನುವುದು ಒಂದು. ನಾಟಕದ ಭಾಷೆ, ಪ್ರತಿಮೆಗಳ ಮೇಲೆ ಪ್ರಬಂಧ ಬರೆಯುವುದು ಇನ್ನೊಂದು. ಗೈಡಿನಲ್ಲಿ ಉದ್ದದ ಪಟ್ಟಿ ಇದೆ, ಬಹಳಷ್ಟು ಬಾಯಿಗೆ ಬರುತ್ತದೆ. ಆದರೆ ಸಾಲನ್ನು ಉದ್ಧರಿಸಿದ ಮೇಲೆ "ಇಲ್ಲಿ ರೂಪಕ ಇದೆ, ಇದು ಮಹತ್ವಾಕಾಂಕ್ಷೆಯನ್ನು ತೋರಿಸುತ್ತದೆ" ಅನ್ನುವುದರ ಆಚೆ ಬರಹ ಮುಂದೆ ಹೋಗುವುದಿಲ್ಲ.

ಯಾವ ಸಾಲು ಇಟ್ಟುಕೊಳ್ಳಬೇಕು, ಯಾವುದು ಬಿಡಬೇಕು? ಒಂದು ಸಾಲಿನಲ್ಲಿ ನೋಡಬೇಕಾದ್ದು ಏನೇನು? ಛಂದಸ್ಸು ನಿಜವಾಗಿ ಕೆಲಸಕ್ಕೆ ಬರುತ್ತದೆಯೇ? ಗೊತ್ತಿದ್ದವರು ಸ್ವಲ್ಪ ವಿವರವಾಗಿ ಹೇಳಿ.

---

ಷಟ್ಪದಿ

ಗೈಡಿನ ಪಟ್ಟಿ ಸಾಲುಗಳನ್ನು ಬಿಡಿಬಿಡಿಯಾಗಿ ಇಡುತ್ತದೆ. ನಾಟಕ ಹಾಗೆ ನಡೆಯುವುದಿಲ್ಲ. ಇಲ್ಲಿ ಒಂದು ಪದ ಒಬ್ಬರ ಬಾಯಲ್ಲಿ ಹುಟ್ಟಿ, ಇನ್ನೊಬ್ಬರ ಬಾಯಿಗೆ ದಾಟಿ, ಎರಡು ಅಂಕ ಕಳೆದ ಮೇಲೆ ಅರ್ಥ ತಿರುಗಿ ವಾಪಸ್ ಬರುತ್ತದೆ. ಆದ್ದರಿಂದ ಬಿಡಿ ಸಾಲು ಬೇಡ, ಸರಪಳಿಯಾಗಿ ಕಲಿಯಿರಿ. ಒಂದು ಸರಪಳಿಯನ್ನು ಪೂರ್ತಿ ತೋರಿಸುತ್ತೇನೆ.

'ಡೂ', 'ಡನ್' ಎಂಬ ಪುಟ್ಟ ಪದವನ್ನೇ ತೆಗೆದುಕೊಳ್ಳಿ. ಮೊದಲ ಅಂಕದ ಮೂರನೇ ದೃಶ್ಯದಲ್ಲಿ ಮೊದಲ ಮಾಟಗಾತಿ "ಐ'ಲ್ ಡೂ, ಐ'ಲ್ ಡೂ, ಆಂಡ್ ಐ'ಲ್ ಡೂ" ಅನ್ನುತ್ತಾಳೆ. ಆ ಸಾಲಿನಲ್ಲಿ ಕ್ರಿಯಾಪದಕ್ಕೆ ಕರ್ಮವೇ ಇಲ್ಲ. 1.7ರಲ್ಲಿ, ಅಂದರೆ ಮೊದಲ ಅಂಕದ ಏಳನೇ ದೃಶ್ಯದಲ್ಲಿ, ಮ್ಯಾಕ್‌ಬೆತ್ ಒಬ್ಬನೇ ನಿಂತು ಹೇಳುತ್ತಾನೆ: "ಇಫ್ ಇಟ್ ವರ್ ಡನ್ ವೆನ್ 'ಟಿಸ್ ಡನ್, ದೆನ್ 'ಟ್ವರ್ ವೆಲ್ / ಇಟ್ ವರ್ ಡನ್ ಕ್ವಿಕ್ಲಿ". ರಾಜನ ಕೊಲೆ ಆದ ಮೇಲೆ, 2.2ರಲ್ಲಿ, "ಐ ಹ್ಯಾವ್ ಡನ್ ದ ಡೀಡ್". ಅದೇ ದೃಶ್ಯದಲ್ಲಿ ಸ್ವಲ್ಪ ಮುಂದೆ "ಐ ಆಮ್ ಅಫ್ರೇಡ್ ಟು ಥಿಂಕ್ ವಾಟ್ ಐ ಹ್ಯಾವ್ ಡನ್". 3.2ರಲ್ಲಿ ಲೇಡಿ ಮ್ಯಾಕ್‌ಬೆತ್ ಗಂಡನಿಗೆ ಸಮಾಧಾನ ಹೇಳುತ್ತಾಳೆ: "ವಾಟ್ಸ್ ಡನ್ ಈಸ್ ಡನ್". ಐದನೇ ಅಂಕದ ಮೊದಲ ದೃಶ್ಯದಲ್ಲಿ, ನಿದ್ದೆಯಲ್ಲಿ ನಡೆಯುತ್ತ, ಅವಳದೇ ಬಾಯಲ್ಲಿ: "ವಾಟ್ಸ್ ಡನ್ ಕೆನಾಟ್ ಬಿ ಅನ್‌ಡನ್".

ಒಟ್ಟಿಗೆ ಇಟ್ಟು ನೋಡಿ. 'ಮಾಡಿದ್ದು' ಮತ್ತು 'ಮುಗಿದದ್ದು' ಎರಡೂ ಒಂದೇ ಆಗಲಿ ಎಂಬುದು 1.7ರ ಆಸೆ. ಮಾಡಿದರೆ ಮುಗಿಯುತ್ತದೆ ಅಂತಾದರೆ ಬೇಗ ಮಾಡಿಬಿಡೋಣ, ಅಷ್ಟೇ ಅವನ ಲೆಕ್ಕ. ಮುಂದಿನ ನಾಲ್ಕು ಅಂಕ ಆ ಲೆಕ್ಕ ಸುಳ್ಳೆಂದು ತೋರಿಸುತ್ತವೆ. 3.2ರಲ್ಲಿ ಧೈರ್ಯ ತುಂಬಲು ಬಳಸಿದ ಪದವೇ 5.1ರಲ್ಲಿ ಬಿಡಿಸಿಕೊಳ್ಳಲಾಗದ ಬಂಧನವಾಗುತ್ತದೆ. ಇಷ್ಟು ಬರೆದರೆ ಒಂದು ಪೂರ್ತಿ ಪ್ಯಾರಾ ಆಯಿತು, 'ರೂಪಕ' ಎಂಬ ಪದವನ್ನು ಬಳಸದೆಯೇ.

ಈಗ 1.7ರ ಆ ಆರಂಭವನ್ನೇ ಹತ್ತಿರದಿಂದ ನೋಡಿ. ಒಂದೂವರೆ ಸಾಲಿನಲ್ಲಿ 'ಡನ್' ಮೂರು ಸಲ. ಮಾಡುವುದು ಏನು? ಬರೀ 'ಇಟ್'. ತಾನು ಮಾಡಹೊರಟ ಕೆಲಸಕ್ಕೆ ಹೆಸರು ಇಡಲು ಅವನಿಗೆ ಬಾಯಿ ಬರುವುದಿಲ್ಲ. ಎರಡನೇ ಸಾಲಿನ ಕೊನೆಗೆ ಹೆಸರು ಬಂದಾಗಲೂ ಅದು 'ಅಸಾಸಿನೇಶನ್': ಉದ್ದದ, ರಾಜಕಾರಣದ ವಾಸನೆಯ, ಮೈಗೆ ತಾಗದ ಪದ. ಆಮೇಲೆ "ವಿತ್ ಹಿಸ್ ಸರ್ಸೀಸ್ ಸಕ್ಸೆಸ್". ಸಾವಿಗೆ ಒಂದು ಪದ, ಗೆಲುವಿಗೆ ಒಂದು ಪದ, ಎರಡೂ ಸಕಾರದಲ್ಲೇ ಬುಸುಗುಟ್ಟುತ್ತವೆ. ಅಕ್ಷರಮೈತ್ರಿ ಇದೆ ಎಂದಷ್ಟೇ ಬರೆದರೆ ಅಂಕ ಸಿಗದು. ರಾಜನ ಸಾವು ಮತ್ತು ತನ್ನ ಗೆಲುವು ಅವನ ನಾಲಿಗೆಯಲ್ಲಿ ಒಂದೇ ಸದ್ದಾಗಿ ಬೆರೆತಿವೆ ಎಂದು ಬರೆದರೆ ಸಿಗುತ್ತದೆ. ಇದೇ ಭಾಷಣದ ಕೊನೆಯನ್ನೂ ಬಿಡಬೇಡಿ. "ವಾಲ್ಟಿಂಗ್ ಆಂಬಿಷನ್, ವಿಚ್ ಓ'ರ್‌ಲೀಪ್ಸ್ ಇಟ್‌ಸೆಲ್ಫ್ / ಆಂಡ್ ಫಾಲ್ಸ್ ಆನ್ ದಿ ಅದರ್" ಎಂಬಲ್ಲಿಗೆ ಲೇಡಿ ಮ್ಯಾಕ್‌ಬೆತ್ ಒಳಗೆ ಬರುತ್ತಾಳೆ, ವಾಕ್ಯ ಅಲ್ಲೇ ತುಂಡಾಗುತ್ತದೆ. ಕುದುರೆಯಾಚೆ ಬೀಳುವ ಸವಾರನ ಚಿತ್ರ ಪೂರ್ತಿಯಾಗುವ ಮೊದಲೇ ಅವನನ್ನು ತಳ್ಳುವವಳು ಬಂದಾಯಿತು.

ಇಂಥ ಐದು ಸರಪಳಿ, ಪ್ರತಿಯೊಂದಕ್ಕೂ ನಾಲ್ಕೈದು ತುಣುಕು. ಒಟ್ಟು ಇಪ್ಪತ್ತು, ಇಪ್ಪತ್ತೈದು ಸಾಕು. 'ಡನ್' ಬಿಟ್ಟು ಉಳಿದವು: ರಕ್ತ–ಕೈ–ನೀರು, ನಿದ್ದೆ, ಬಟ್ಟೆ, 'ಮ್ಯಾನ್' ಅಂದರೆ ಏನು ಎಂಬ ಜಗಳ. ಬಟ್ಟೆಯದನ್ನು ಜನ ಮರೆಯುತ್ತಾರೆ, ಆದರೆ ಅದು ತುಂಬ ಅಚ್ಚುಕಟ್ಟು. 1.3ರಲ್ಲಿ "ಬಾರೋಡ್ ರೋಬ್ಸ್", 1.7ರಲ್ಲಿ "ವಾಸ್ ದ ಹೋಪ್ ಡ್ರಂಕ್ / ವೇರಿನ್ ಯೂ ಡ್ರೆಸ್ಡ್ ಯುವರ್‌ಸೆಲ್ಫ್", 2.4ರಲ್ಲಿ ಮ್ಯಾಕ್‌ಡಫ್ ಹೇಳುವ ಹಳೆಯ ಮತ್ತು ಹೊಸ ನಿಲುವಂಗಿಗಳು, 5.2ರಲ್ಲಿ ಆಂಗಸ್ ಹೇಳುವ "ಲೈಕ್ ಎ ಜೈಂಟ್ಸ್ ರೋಬ್ / ಅಪಾನ್ ಎ ಡ್ವಾರ್ಫಿಶ್ ಥೀಫ್". ಎರವಲು ಬಟ್ಟೆಯಿಂದ ಕದ್ದ ಬಟ್ಟೆಗೆ ಬಂದು ನಿಲ್ಲುತ್ತದೆ.

ತುಣುಕು ಮೂರರಿಂದ ಆರು ಪದ ಮೀರದಿರಲಿ. ನಾಲ್ಕು ಸಾಲು ಉದ್ಧರಿಸಿದವರು ಸಾಮಾನ್ಯವಾಗಿ ಅದರಲ್ಲಿ ಒಂದು ಪದದ ಬಗ್ಗೆಯೂ ಬರೆಯುವುದಿಲ್ಲ, ಸಮಯವೂ ಹೋಗುತ್ತದೆ. ಸಾಲು ನಿಮ್ಮ ವಾಕ್ಯದೊಳಗೇ ಕೂರಬೇಕು, ಪ್ರತ್ಯೇಕ ಪ್ಯಾರಾ ಆಗಿ ಅಲ್ಲ.

---

ತಾಲೀಮು

ಮೇಲಿನದಕ್ಕೆ ನನ್ನ ಪೂರ್ಣ ಸಹಮತ. ನಾನು ಕಿವಿಯ ಕಡೆಯಿಂದ ಸೇರಿಸುತ್ತೇನೆ, ಯಾಕೆಂದರೆ ಇದು ಆಡಲು ಬರೆದ ಭಾಷೆ. ಓದಿಕೊಳ್ಳುವಾಗ ಗಟ್ಟಿಯಾಗಿ ಓದಿ.

ಛಂದಸ್ಸು ಕೆಲಸಕ್ಕೆ ಬರುತ್ತದೆಯೇ ಎಂದು ಕೇಳಿದ್ದೀರಿ. ಬರುತ್ತದೆ, ಆದರೆ ಎಲ್ಲಿ ತಪ್ಪುತ್ತದೆ ಎಂದು ನೋಡಿದಾಗ ಮಾತ್ರ. ಮೂಲ ನಡೆ ಐಯಾಂಬಿಕ್ ಪೆಂಟಾಮೀಟರ್: ಸಾಲಿಗೆ ಹತ್ತು ಸಿಲಬಲ್, ಒಂದು ಒತ್ತಿಲ್ಲದ್ದು ಒಂದು ಒತ್ತಿದ್ದು, ಹೀಗೆ ಐದು ಜೋಡಿ. ಒಂದು ಎಚ್ಚರ: ಇದನ್ನು ಲಘು–ಗುರು ಎಂದು ಮಾತ್ರೆ ಲೆಕ್ಕ ಹಾಕಬೇಡಿ. ಅಲ್ಲಿ ಲೆಕ್ಕ ಉಚ್ಚಾರಣೆಯ ಒತ್ತಿನದು, ಸ್ವರದ ಉದ್ದದ್ದಲ್ಲ. ಕನ್ನಡ ಮಾಧ್ಯಮದಿಂದ ಬಂದವರು ಪ್ರಸ್ತಾರ ಹಾಕುವಾಗ ಎಡವುವುದು ಇಲ್ಲೇ.

ಮಾಟಗಾತಿಯರ "ಫೇರ್ ಈಸ್ ಫೌಲ್, ಆಂಡ್ ಫೌಲ್ ಈಸ್ ಫೇರ್" ಏಳು ಸಿಲಬಲ್, ಶುರುವಾಗುವುದೇ ಒತ್ತಿನಿಂದ. ಇದು ಟ್ರೋಕಿ ನಡೆ, ಮಂತ್ರದ ನಡೆ. ಮ್ಯಾಕ್‌ಬೆತ್ ರಂಗಕ್ಕೆ ಬಂದು ಆಡುವ ಮೊದಲ ಮಾತು "ಸೋ ಫೌಲ್ ಆಂಡ್ ಫೇರ್ ಎ ಡೇ ಐ ಹ್ಯಾವ್ ನಾಟ್ ಸೀನ್": ಹತ್ತು ಸಿಲಬಲ್, ಸರಿಯಾದ ಐಯಾಂಬಿಕ್. ಅವರ ಪದ, ಇವನ ನಡೆ. ಅವರನ್ನು ಭೇಟಿಯಾಗುವ ಮೊದಲೇ ಅವರ ಪದ ಅವನ ಬಾಯಲ್ಲಿದೆ. ಅದನ್ನು ಅವನಿಗೆ ಯಾರೂ ಕಲಿಸಿಲ್ಲ. ವಿಧಿಯೋ ಅವನ ಇಚ್ಛೆಯೋ ಎಂಬ ಪ್ರಬಂಧಕ್ಕೆ ಇದಕ್ಕಿಂತ ಒಳ್ಳೆಯ ಆರಂಭ ಕಾಣೆ.

5.5ರ "ಟುಮಾರೋ, ಆಂಡ್ ಟುಮಾರೋ, ಆಂಡ್ ಟುಮಾರೋ" ಎಣಿಸಿ: ಹನ್ನೊಂದು. ಕೊನೆಯ ಒತ್ತಿಲ್ಲದ ಸಿಲಬಲ್ ಸಾಲಿನಾಚೆ ಚಾಚಿಕೊಂಡಿದೆ. ನಾಳೆಗಳು ಮುಗಿಯುವುದಿಲ್ಲ ಎಂಬುದನ್ನು ಸಾಲೇ ಮಾಡಿ ತೋರಿಸುತ್ತದೆ. 2.2ರಲ್ಲಿ ಇದಕ್ಕೆ ತದ್ವಿರುದ್ಧ. "ಡಿಡ್ ನಾಟ್ ಯೂ ಸ್ಪೀಕ್?" "ವೆನ್?" "ನೌ." "ಆಸ್ ಐ ಡಿಸೆಂಡೆಡ್?" ನಾಲ್ಕು ಮಾತು ಸೇರಿ ಒಂದು ಸಾಲು. ಗಂಡಹೆಂಡತಿ ಒಬ್ಬರ ಉಸಿರನ್ನು ಒಬ್ಬರು ಕಿತ್ತುಕೊಳ್ಳುತ್ತಿದ್ದಾರೆ. ನಟರು ಇಲ್ಲಿ ನಡುವೆ ಬಿಡುವು ಕೊಟ್ಟರೆ ದೃಶ್ಯ ಬಿದ್ದುಹೋಗುತ್ತದೆ.

ಗದ್ಯ ಎಲ್ಲಿ ಬರುತ್ತದೆ ಎಂದು ಗುರುತು ಹಾಕಿಕೊಳ್ಳಿ. 1.5ರ ಪತ್ರ, 2.3ರ ಬಾಗಿಲು ಕಾಯುವವನು, 5.1ರ ನಿದ್ರಾನಡಿಗೆ ಮುಖ್ಯವಾದವು. ಲೇಡಿ ಮ್ಯಾಕ್‌ಬೆತ್ 5.1ರಲ್ಲಿ ಪದ್ಯವನ್ನೇ ಕಳೆದುಕೊಂಡಿದ್ದಾಳೆ. "ಔಟ್, ಡ್ಯಾಮ್ಡ್ ಸ್ಪಾಟ್" ಒಂದನ್ನೇ ಉದ್ಧರಿಸಿ ನಿಲ್ಲಿಸಬೇಡಿ. ಆ ದೃಶ್ಯ ಹಿಂದಿನ ದೃಶ್ಯಗಳ ಚೂರುಗಳಿಂದಲೇ ಕಟ್ಟಿದ್ದು. "ಎ ಸೋಲ್ಜರ್, ಆಂಡ್ ಅಫಿಯರ್ಡ್?" ಎಂಬುದು 1.7ರಲ್ಲಿ ಅವಳೇ ಗಂಡನನ್ನು ಚುಚ್ಚಿದ "ಆರ್ಟ್ ದೌ ಅಫಿಯರ್ಡ್" ಎಂಬುದರ ಮರುಕಳಿಕೆ. "ದೇರ್ಸ್ ನಾಕಿಂಗ್ ಅಟ್ ದ ಗೇಟ್" ಎಂಬುದು 2.2ರ ಬಾಗಿಲ ಬಡಿತ. "ಆಲ್ ದ ಪರ್ಫ್ಯೂಮ್ಸ್ ಆಫ್ ಅರೇಬಿಯಾ" ಎಂಬುದು 2.2ರ "ಎ ಲಿಟಲ್ ವಾಟರ್ ಕ್ಲಿಯರ್ಸ್ ಅಸ್ ಆಫ್ ದಿಸ್ ಡೀಡ್" ಎಂಬ ಅವಳ ಮಾತಿಗೆ ಅವಳೇ ಕೊಡುವ ಉತ್ತರ. ಅಲ್ಲಿ 'ಲಿಟಲ್' ಆಗಿದ್ದು ನೀರು, ಇಲ್ಲಿ "ದಿಸ್ ಲಿಟಲ್ ಹ್ಯಾಂಡ್", ಕೈ. ಈ 'ಲಿಟಲ್' ಜಾಗ ಬದಲಿಸಿದ್ದನ್ನು ಗಮನಿಸಿದವರ ಉತ್ತರ ಬೇರೆಯೇ ಮಟ್ಟಕ್ಕೆ ಹೋಗುತ್ತದೆ.

ಇನ್ನೊಂದು, ನೀನು–ನೀವು ಇರುವ ಭಾಷೆಯವರಾದ ನಮಗೆ ಬೇಗ ಹಿಡಿಸಬೇಕಾದದ್ದು: 'ದೌ' ಮತ್ತು 'ಯೂ'. 1.5ರಲ್ಲಿ ಗಂಡ ಎದುರಿಗಿಲ್ಲದಾಗ ಅವಳು ಅವನನ್ನು 'ದೌ' ಅನ್ನುತ್ತಾಳೆ. ಅವನು ಬಂದು ಮಾತು ಶುರುವಾದ ಮೇಲೆ "ಯುವರ್ ಫೇಸ್, ಮೈ ಥೇನ್". 1.7ರ ಜಗಳದಲ್ಲಿ 'ಯೂ' ಎಂದು ಶುರುಮಾಡಿ "ಸಚ್ ಐ ಅಕೌಂಟ್ ದೈ ಲವ್" ಎಂಬಲ್ಲಿ ಏಕವಚನಕ್ಕೆ ಇಳಿಯುತ್ತಾಳೆ. ಸಲಿಗೆ ಮತ್ತು ತಿರಸ್ಕಾರ ಒಂದೇ ಸರ್ವನಾಮದಲ್ಲಿ ಬರುತ್ತವೆ. ಸ್ವಲ್ಪ ಮುಂದೆ "ವೆನ್ ಯೂ ಡರ್ಸ್ಟ್ ಡೂ ಇಟ್, ದೆನ್ ಯೂ ವರ್ ಎ ಮ್ಯಾನ್" ಎಂದು ಮತ್ತೆ ದೂರ ನಿಲ್ಲುತ್ತಾಳೆ. ಯಾವ ಸಾಲಿನಲ್ಲಿ ಬದಲಾಯಿತು ಎಂಬುದನ್ನು ಪಠ್ಯದಲ್ಲೇ ಗೆರೆ ಎಳೆದು ಇಟ್ಟುಕೊಳ್ಳಿ.

---

ಲೆಸ್ಟರ್‌ವಾಸಿ

ಇಲ್ಲಿ ಇಂಗ್ಲೆಂಡಿನಲ್ಲಿ ಕನ್ನಡ ಮನೆಗಳ ಮಕ್ಕಳೂ ಹದಿನಾರರ ಹೊತ್ತಿಗೆ ಇದೇ ನಾಟಕ ಓದುತ್ತಾರೆ, ಹಾಗಾಗಿ ಇಲ್ಲಿನ ಅಂಕ ಹಂಚಿಕೆ ಹೇಳಿದರೆ ನಿಮಗೂ ಉಪಯೋಗ. ಎಕ್ಯುಎ ಎಂಬ ಪರೀಕ್ಷಾ ಬೋರ್ಡಿನ ಜಿಸಿಎಸ್‌ಇಯಲ್ಲಿ (ಹದಿನಾರರ ಹೊತ್ತಿಗೆ ಬರೆಯುವ ಶಾಲಾ ಪರೀಕ್ಷೆ) ಶೇಕ್ಸ್‌ಪಿಯರ್ ಪ್ರಶ್ನೆಗೆ 34 ಅಂಕ. ವಾದ ಮತ್ತು ಉದ್ಧರಣೆಗೆ 12, ಭಾಷೆ–ರೂಪ–ರಚನೆಯ ವಿಶ್ಲೇಷಣೆಗೆ 12, ಕಾಲಸಂದರ್ಭಕ್ಕೆ 6, ಕಾಗುಣಿತ ಮತ್ತು ವ್ಯಾಕರಣಕ್ಕೆ 4. ಪುಸ್ತಕ ನೋಡುವಂತಿಲ್ಲ, ಆದರೆ ನಾಟಕದ ಒಂದು ಭಾಗವನ್ನು ಪ್ರಶ್ನೆಯಲ್ಲೇ ಅಚ್ಚು ಹಾಕಿರುತ್ತಾರೆ. ಇದರಿಂದ ತಿಳಿಯುವುದು: ಐತಿಹಾಸಿಕ ಹಿನ್ನೆಲೆಯನ್ನು ಒಂದು ಪುಟ ಸುರಿದರೂ ಸಿಗುವುದು ಸಣ್ಣ ಪಾಲು. ಅದೂ ಸಾಲಿಗೆ ಅಂಟಿಕೊಂಡಿದ್ದರೆ ಮಾತ್ರ.

ಅಂಟಿಸುವುದು ಹೇಗೆ ಅನ್ನುವುದಕ್ಕೆ ಒಂದು ಉದಾಹರಣೆ. 1605ರ ನವೆಂಬರಿನಲ್ಲಿ ಪಾರ್ಲಿಮೆಂಟಿಗೆ ಮದ್ದುಪುಡಿ ಇಟ್ಟು ಜೇಮ್ಸ್ ರಾಜನನ್ನು ಕೊಲ್ಲುವ ಸಂಚು ಬಯಲಾಯಿತು. 1606ರಲ್ಲಿ ಹೆನ್ರಿ ಗಾರ್ನೆಟ್ ಎಂಬ ಜೆಸ್ಯೂಟ್ ಪಾದ್ರಿಯ ವಿಚಾರಣೆ ನಡೆದು ಗಲ್ಲಾಯಿತು. ಪ್ರಮಾಣ ಮಾಡಿಯೂ ದ್ವಂದ್ವಾರ್ಥದಲ್ಲಿ ಉತ್ತರ ಕೊಡುವ 'ಇಕ್ವಿವೊಕೇಶನ್' ಆ ವಿಚಾರಣೆಯಲ್ಲಿ ದೊಡ್ಡ ಚರ್ಚೆಯಾಗಿತ್ತು. 2.3ರಲ್ಲಿ ಬಾಗಿಲು ಕಾಯುವವನು ನರಕದ ಬಾಗಿಲಿಗೆ ಬಂದ 'ಇಕ್ವಿವೊಕೇಟರ್' ಬಗ್ಗೆ ಆಡುವ ಮಾತಿಗೆ ಅಂದಿನ ಪ್ರೇಕ್ಷಕರು ಥಟ್ಟನೆ ಕಿವಿ ನಿಮಿರಿಸಿರಬೇಕು. ಇಷ್ಟಕ್ಕೇ ಬಿಟ್ಟರೆ ಇತಿಹಾಸ ಪಾಠವಾಯಿತು. 5.5ರಲ್ಲಿ ಬರ್ನಂ ಕಾಡು ನಡೆದು ಬರುತ್ತಿದೆ ಎಂದು ಕೇಳಿದ ಮ್ಯಾಕ್‌ಬೆತ್ "ದಿ ಇಕ್ವಿವೊಕೇಶನ್ ಆಫ್ ದ ಫೀಂಡ್ / ದಟ್ ಲೈಸ್ ಲೈಕ್ ಟ್ರೂತ್" ಅನ್ನುವುದಕ್ಕೆ ಸೇರಿಸಿದರೆ ವಿಶ್ಲೇಷಣೆಯಾಗುತ್ತದೆ: ಸೇವಕನ ತಮಾಷೆಯ ಪದ ಯಜಮಾನನ ದುರಂತದ ಪದವಾಗಿದೆ.

ಸಂದರ್ಭ ಸಹಿತ ವಿವರಣೆಯಲ್ಲಿ ಪದೇ ಪದೇ ಅಂಕ ಹೋಗುವ ಜಾಗಗಳು ಇವು. "ಔಟ್, ಡ್ಯಾಮ್ಡ್ ಸ್ಪಾಟ್" ಲೇಡಿ ಮ್ಯಾಕ್‌ಬೆತ್ ಮಾತು, "ಔಟ್, ಔಟ್, ಬ್ರೀಫ್ ಕ್ಯಾಂಡಲ್" ಮ್ಯಾಕ್‌ಬೆತ್ ಮಾತು. ಒಂದು ಕಲೆ ಹೋಗಲಿ ಎನ್ನುತ್ತದೆ, ಇನ್ನೊಂದು ಬೆಳಕೇ ಹೋಗಲಿ ಎನ್ನುತ್ತದೆ. "ಮಿಲ್ಕ್ ಆಫ್ ಹ್ಯೂಮನ್ ಕೈಂಡ್‌ನೆಸ್" ಹೊಗಳಿಕೆಯಲ್ಲ, ಗಂಡನ ಸ್ವಭಾವದ ಮೇಲೆ ಅವಳ ದೂರು. "ಸಮ್‌ಥಿಂಗ್ ವಿಕೆಡ್ ದಿಸ್ ವೇ ಕಮ್ಸ್" ಎಂದು ಎರಡನೇ ಮಾಟಗಾತಿ ಹೇಳುವುದು ಮ್ಯಾಕ್‌ಬೆತ್ ಬರುತ್ತಿರುವುದನ್ನು ಕುರಿತು. ಮಾಟಗಾತಿಗೇ ಅವನು ಕೆಡುಕು ಎನಿಸುವಷ್ಟಾಗಿದ್ದಾನೆ, ಆ ಸಾಲಿನ ಪೂರ್ತಿ ತೂಕ ಅಲ್ಲಿದೆ. ಮಾಟಗಾತಿಯರು "ಡಬಲ್, ಡಬಲ್" ಅನ್ನುತ್ತಾರೆ, 'ಬಬಲ್, ಬಬಲ್' ಅಲ್ಲ. ಕೊನೆಯ ಕಾಳಗದಲ್ಲಿ "ಲೇ ಆನ್, ಮ್ಯಾಕ್‌ಡಫ್", 'ಲೀಡ್ ಆನ್' ಅಲ್ಲ. ಇನ್ನು "ಡೆಡ್ ಬುಚರ್ ಆಂಡ್ ಹಿಸ್ ಫೀಂಡ್-ಲೈಕ್ ಕ್ವೀನ್" ಎಂಬುದು ಗೆದ್ದು ಸಿಂಹಾಸನ ಏರುತ್ತಿರುವ ಮಾಲ್ಕಂ ಕೊಡುವ ತೀರ್ಪು, ನಾಟಕ ಕೊಡುವ ತೀರ್ಪಲ್ಲ. 5.1 ನೋಡಿದ ಪ್ರೇಕ್ಷಕನಿಗೆ ಅವಳು ಬರೀ 'ಫೀಂಡ್' ಆಗಿ ಉಳಿದಿರುವುದಿಲ್ಲ. ಯಾರು, ಯಾರಿಗೆ, ಯಾವ ಲಾಭಕ್ಕೆ ಹೇಳಿದ್ದು ಎಂದು ಪ್ರತಿ ಸಾಲಿಗೂ ಕೇಳಿ.

---

ಕಾವೇರಿತೀರ

ಎಲ್ಲರಿಗೂ ತುಂಬ ಧನ್ಯವಾದ, ಸರಪಳಿ ಹಾಕಲು ಶುರುಮಾಡಿದ್ದೇನೆ. ಎರಡು ಸಂದೇಹ. ರಕ್ತದ ಸರಪಳಿಯಲ್ಲಿ "ಮಲ್ಟಿಟ್ಯೂಡಿನಸ್ ಸೀಸ್ ಇನ್‌ಕಾರ್ನಡೈನ್" ಎಂಬುದರ ಬಗ್ಗೆ 'ಅತಿಶಯೋಕ್ತಿ' ಬಿಟ್ಟು ಬೇರೇನು ಹೇಳಬಹುದು? ಕನ್ನಡ ಅನುವಾದ ಓದಿದರೆ ಸಹಾಯವಾಗುತ್ತದೆಯೇ?

---

ಷಟ್ಪದಿ

2.2ರಲ್ಲಿ ಮ್ಯಾಕ್‌ಬೆತ್ ಹೇಳುವ ಆ ಸಾಲನ್ನು ಅದರ ಮುಂದಿನ ಅರ್ಧ ಸಾಲಿನ ಜೊತೆ ಓದಿ. "ದ ಮಲ್ಟಿಟ್ಯೂಡಿನಸ್ ಸೀಸ್ ಇನ್‌ಕಾರ್ನಡೈನ್, / ಮೇಕಿಂಗ್ ದ ಗ್ರೀನ್ ಒನ್ ರೆಡ್". ಮೊದಲ ಸಾಲನ್ನು ಲ್ಯಾಟಿನ್ ಮೂಲದ ಎರಡು ದೊಡ್ಡ ಪದಗಳು ಹೆಚ್ಚುಕಮ್ಮಿ ಪೂರ್ತಿ ಆಕ್ರಮಿಸಿವೆ, ಸಮುದ್ರದ ಹಾಗೆ ಉಬ್ಬಿವೆ. ಎರಡನೆಯದರಲ್ಲಿ ಇಂಗ್ಲಿಷಿನ ಮನೆಮಾತಿನ ಚಿಕ್ಕ ಪದಗಳು, ಕೊನೆಗೆ ಒಂದೇ ಸಿಲಬಲ್ಲಿನ 'ರೆಡ್'. ದೊಡ್ಡ ಮಾತಿನ ಹಿಂದೆ ಅಡಗಲು ಹೋದವನು ಕೊನೆಗೆ ಬಣ್ಣದ ಹೆಸರನ್ನು ನೇರವಾಗಿ ಹೇಳಲೇಬೇಕಾಗುತ್ತದೆ. ನಾಟಕದ ಏಕೈಕ ಮೂಲಪಾಠವಾದ 1623ರ ಫೋಲಿಯೊದಲ್ಲಿ ಅಲ್ಪವಿರಾಮ 'ಒನ್' ಆದ ಮೇಲಿದೆ, ಅಂದರೆ 'ಹಸಿರಾಗಿದ್ದುದನ್ನು ಕೆಂಪು ಮಾಡುತ್ತ'. ಇಂದಿನ ಹಲವು ಸಂಪಾದಕರು 'ಗ್ರೀನ್' ಆದ ಮೇಲೆ ತಡೆದು, 'ಹಸಿರು ಕಡಲನ್ನು ಒಂದೇ ಕೆಂಪಾಗಿಸುತ್ತ' ಎಂದು ಓದುತ್ತಾರೆ. ನನಗೆ ಎರಡನೆಯದೇ ಸರಿ ಕಾಣುತ್ತದೆ, ಯಾಕೆಂದರೆ 'ಮಲ್ಟಿಟ್ಯೂಡಿನಸ್' ಎಂಬ ಅನೇಕಕ್ಕೆ 'ಒನ್' ಎದುರು ನಿಲ್ಲುತ್ತದೆ. ನಿಮ್ಮ ಪುಸ್ತಕ ಯಾವುದನ್ನು ಹಿಡಿದಿದೆ ನೋಡಿ.

ಇದಾದ ಮೇಲೆ 3.4ಕ್ಕೆ ಹೋಗಿ: "ಐ ಆಮ್ ಇನ್ ಬ್ಲಡ್ / ಸ್ಟೆಪ್ಡ್ ಇನ್ ಸೋ ಫಾರ್". 2.2ರಲ್ಲಿ ರಕ್ತ ಕೈಯಲ್ಲಿತ್ತು, ಕಡಲಿಗೆ ಹರಡುವ ಭಯವಿತ್ತು. 3.4ರಲ್ಲಿ ಅವನೇ ರಕ್ತದ ಹೊಳೆಯಲ್ಲಿ ನಡುವೆ ನಿಂತಿದ್ದಾನೆ, ಹಿಂದೆ ಹೋಗುವುದೂ ಮುಂದೆ ಹೋಗುವುದೂ ಅಷ್ಟೇ 'ಟೀಡಿಯಸ್'. ಗಮನಿಸಬೇಕಾದ ಪದ 'ಬ್ಲಡ್' ಅಲ್ಲ, 'ಟೀಡಿಯಸ್'. ಭಯ ಹೋಗಿ ಬೇಸರ ಬಂದಿದೆ. 5.5ರ ನಾಳೆಗಳ ಮಾತಿಗೆ ದಾರಿ ಇಲ್ಲಿಂದಲೇ.

ಅನುವಾದದ ಬಗ್ಗೆ: ಡಿ.ವಿ.ಜಿ. ಈ ನಾಟಕವನ್ನು ಕನ್ನಡಕ್ಕೆ ತಂದಿದ್ದಾರೆ, ಸಿಕ್ಕರೆ ಖಂಡಿತ ಓದಿ. ಆದರೆ ಓದುವ ಕ್ರಮ ಮುಖ್ಯ. ದೃಶ್ಯದ ತಿರುಳು ಹಿಡಿಯಲು ಮೊದಲು ಕನ್ನಡ, ಆಮೇಲೆ ಇಂಗ್ಲಿಷ್ ಪಠ್ಯ ಎರಡು ಸಲ: ಒಂದು ಸಲ ಟಿಪ್ಪಣಿ ನೋಡುತ್ತ, ಇನ್ನೊಂದು ಸಲ ಟಿಪ್ಪಣಿ ಮುಚ್ಚಿ ಗಟ್ಟಿಯಾಗಿ. ಭಾಷಾ ಪ್ರಶ್ನೆಗೆ ಉತ್ತರ ಬರೆಯುವಾಗ ಅನುವಾದದಿಂದ ಸಾಲು ಎತ್ತಬೇಡಿ, ಸದ್ದು ಮತ್ತು ಒತ್ತು ಅಲ್ಲಿಗೆ ದಾಟಿರುವುದಿಲ್ಲ. ಪ್ರತಿಮೆಗಳಿಗೆ ಮಾತ್ರ ಕನ್ನಡದ ಕಣ್ಣು ಸಹಾಯಕ. "ಸ್ಕ್ರೂ ಯುವರ್ ಕರೇಜ್ ಟು ದ ಸ್ಟಿಕಿಂಗ್-ಪ್ಲೇಸ್" ಎಂಬುದು ತಂತಿವಾದ್ಯದ ಬಿರಡೆ ತಿರುಗಿಸುವುದೋ ಬಿಲ್ಲುಯಂತ್ರದ ಹೆದೆ ಬಿಗಿಯುವುದೋ ಎಂದು ಟೀಕಾಕಾರರಲ್ಲಿ ಎರಡು ಮತ ಇವೆ. ವೀಣೆಯ ಬಿರಡೆ ತಿರುಗಿಸಿ ನೋಡಿದವರಿಗೆ ಮೊದಲನೆಯದು ಕೂಡಲೇ ಕೈಗೆ ತಿಳಿಯುತ್ತದೆ: ಇನ್ನೊಂದು ಸುತ್ತು ಹೆಚ್ಚಾದರೆ ತಂತಿ ಕಡಿಯುತ್ತದೆ.

ನೆನಪಿಡುವ ಕ್ರಮ: ಒಂದು ಸರಪಳಿಗೆ ಒಂದು ಹಾಳೆ. ಎಡಕ್ಕೆ ತುಣುಕು, ನಡುವೆ ಯಾರು–ಯಾರಿಗೆ–ಯಾವಾಗ, ಬಲಕ್ಕೆ ಒಂದೇ ಒಂದು ಪದದ ಬಗ್ಗೆ ಒಂದು ವಾಕ್ಯ. ಬಲಭಾಗ ಮುಚ್ಚಿ ಬರೆದು ನೋಡಿ. ಅದೇ ಸಂಜೆ ಒಮ್ಮೆ, ಎರಡು ದಿನ ಬಿಟ್ಟು ಒಮ್ಮೆ, ವಾರದ ನಂತರ ಒಮ್ಮೆ. ಸಾಲು ಬಂದು ವಾಕ್ಯ ಬರದಿದ್ದರೆ ಆ ತುಣುಕನ್ನು ಪಟ್ಟಿಯಿಂದ ತೆಗೆದು ಬೇರೆಯದು ಹಾಕಿ. ಅಂಕ ಮತ್ತು ದೃಶ್ಯದ ಸಂಖ್ಯೆ ಮಾತ್ರ ಕಲಿಯಿರಿ. ಗದ್ಯ ದೃಶ್ಯಗಳಲ್ಲಿ ಸಾಲಿನ ಸಂಖ್ಯೆ ಮುದ್ರಣದಿಂದ ಮುದ್ರಣಕ್ಕೆ ಬದಲಾಗುತ್ತದೆ, 5.1ರಲ್ಲಿ ಅದು ಚೆನ್ನಾಗಿ ಕಾಣುತ್ತದೆ.